ಸುಮ್ಮನಿರೋದನ್ನೂ ಕಲಿಸಬೇಕು ಕಂಪ್ಯೂಟರಿಗೆ

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್ ಡೆಮೋದ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ನಾಲ್ಕು ಜನರ ಟೀಮಿನಲ್ಲಿ ಚಾರ್ಜ್ ಉಳಿದಿದ್ದು ಒಂದೇ ಲ್ಯಾಪ್‌ಟಾಪಲ್ಲಿ. ರಿಪೋರ್ಟ್ ಇನ್ನೂ ಅರ್ಧ. ಸ್ಕ್ರೀನ್ ಬೆಳಕು ತಗ್ಗಿಸಿದ್ವಿ, ವೈಫೈ ಆಫ್ ಮಾಡಿದ್ವಿ, ಆದ್ರೂ ಫ್ಯಾನ್ ಅರಚ್ತಾನೇ ಇತ್ತು. ಟಾಪ್ ಕಮ್ಯಾಂಡ್ ಹಾಕಿ ನೋಡಿದ್ರೆ ಕಳ್ಳ ನಮ್ಮದೇ ಪ್ರೋಗ್ರಾಮ್! ಒಂದು ಕೋರ್ ಪೂರ್ತಿ, ನೂರಕ್ಕೆ ನೂರು, ಅದೇ ತಿಂತಿತ್ತು. ಆರ್ಡುಯಿನೋದಿಂದ ಸೆನ್ಸರ್ ರೀಡಿಂಗ್ ಬರೋದು ಎರಡು ಸೆಕೆಂಡಿಗೊಮ್ಮೆ. ನಮ್ಮ ವೈಲ್ ಲೂಪ್ ಮಾತ್ರ ಆ ನಡುವೆ ಲಕ್ಷಗಟ್ಟಲೆ ಸಲ "ಬಂತಾ, ಬಂತಾ" ಅಂತ ಕೇಳ್ತಾ ಕೂತಿತ್ತು. ಗ್ರಾಫಿಗೆ ರೀಡಿಂಗ್ ಬೇಕಿದ್ದರಿಂದ ನಿಲ್ಲಿಸೋ ಹಾಗೂ ಇರಲಿಲ್ಲ.

ಇದು ಯಾಕೆ ಇಷ್ಟು ದುಬಾರಿ ಅಂತ ಆಮೇಲೆ ಕೂತು ಓದಿದ್ವಿ. ಮಾಡೋಕೆ ಕೆಲಸ ಇಲ್ಲದಾಗ ಆಪರೇಟಿಂಗ್ ಸಿಸ್ಟಮ್ ಪ್ರೊಸೆಸರನ್ನು ಮಲಗಿಸುತ್ತದೆ. ಈ ನಿದ್ದೆಯಲ್ಲೂ ಹಂತಗಳಿವೆ. ಸಿ-1 ಅಂದ್ರೆ ಬರೀ ತೂಕಡಿಕೆ, ಕೋರ್‌ನ ಗಡಿಯಾರ ನಿಲ್ಲುತ್ತದೆ ಅಷ್ಟೇ. ಸಿ-6ರಲ್ಲಿ ಕೋರ್ ತನ್ನ ಸ್ಥಿತಿಯನ್ನೆಲ್ಲ ಬರೆದಿಟ್ಟು ವೋಲ್ಟೇಜನ್ನೇ ಹೆಚ್ಚುಕಡಿಮೆ ಕಳಚಿಕೊಳ್ಳುತ್ತದೆ. ಆದರೆ ಆಳವಾಗಿ ಮಲಗಿದವನನ್ನು ಎಬ್ಬಿಸೋಕೆ ಸಮಯವೂ ಬೇಕು, ಶಕ್ತಿಯೂ ಬೇಕು. ಮುಂದಿನ ಕೆಲಸ ಯಾವಾಗ ಬರುತ್ತೆ ಅಂತ ಓಎಸ್ ಊಹಿಸಿ ಹಂತ ಆರಿಸಬೇಕು. ಊಹೆ ತಪ್ಪಿದ್ರೆ ಉಳಿತಾಯದ ಬದಲು ನಷ್ಟ.

ತಮಾಷೆ ಅಂದ್ರೆ, ಒಂದು ಕಾಲದಲ್ಲಿ ನಿದ್ದೆ ಕೆಡಿಸ್ತಿದ್ದದ್ದು ಓಎಸ್ಸೇ. ಲಿನಕ್ಸ್ 2.4 ಕರ್ನಲ್ ಸಾಮಾನ್ಯ ಪಿಸಿಗಳಲ್ಲಿ ಸೆಕೆಂಡಿಗೆ 100 ಸಲ ಟೈಮರ್ ಬಡಿದು ಪ್ರೊಸೆಸರನ್ನು ಎಬ್ಬಿಸುತ್ತಿತ್ತು. 2.6 ಬಂದಾಗ ಅದು 1000 ಆಯ್ತು. ಅಂದ್ರೆ ಏನೂ ಕೆಲಸ ಇಲ್ಲದಿದ್ದರೂ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಮಲಗುವಂತಿಲ್ಲ! (ನಮ್ಮ ವಾರ್ಡನ್ ಕೂಡ ಇಷ್ಟು ಕಠಿಣ ಅಲ್ಲ.) 2007ರಲ್ಲಿ ಬಂದ 2.6.21 ಈ ಬಡಿತವನ್ನು, ಕೆಲಸವಿಲ್ಲದಾಗ, ನಿಲ್ಲಿಸಿತು. ಮುಂದಿನ ಟೈಮರ್ ಯಾವಾಗ ಅಂತ ನೋಡಿ, ಅಲ್ಲಿಯವರೆಗೆ ಬಿಟ್ಟುಬಿಡುವುದು. ಇದಕ್ಕೇ ಟಿಕ್‌ಲೆಸ್ ಅನ್ನೋದು.

ಕರ್ನಲ್ ಸುಮ್ಮನಾದ ಮೇಲೆ ಉಳಿದವರ ಗಲಾಟೆ ಕೇಳಿಸತೊಡಗಿತು. ಅದೇ ವರ್ಷ ಇಂಟೆಲ್ ಬಿಟ್ಟ ಪವರ್‌ಟಾಪ್, ಯಾವ ಪ್ರೋಗ್ರಾಮ್ ಎಷ್ಟು ಸಲ ಪ್ರೊಸೆಸರನ್ನು ಎಬ್ಬಿಸ್ತಿದೆ ಅಂತ ಪಟ್ಟಿ ಹಾಕಿ ತೋರಿಸುತ್ತದೆ. ಮಿಣುಕೋ ಕರ್ಸರ್ ಕೂಡ ಆ ಪಟ್ಟಿಗೆ ಬರಬಹುದು. ಎಬ್ಬಿಸಲೇಬೇಕಾದ್ರೆ ಎಲ್ಲರೂ ಒಟ್ಟಿಗೆ ಎಬ್ಬಿಸಲಿ ಅನ್ನೋದು ಇನ್ನೊಂದು ಉಪಾಯ. ಉಪ್ಪಿಗೊಮ್ಮೆ, ಸಕ್ಕರೆಗೊಮ್ಮೆ ಅಂಗಡಿಗೆ ಓಡಿಸೋ ಬದಲು ಅಮ್ಮ ಚೀಟಿ ಬರೆದು ಒಂದೇ ಸಲ ಕಳಿಸ್ತಾರಲ್ಲ, ಹಾಗೆ. 2013ರ ಮ್ಯಾಕ್ ಓಎಸ್ ಮ್ಯಾವೆರಿಕ್ಸ್ ಟೈಮರ್‌ಗಳನ್ನು ಹೀಗೆ ಗುಂಪು ಮಾಡಿತು. 2015ರ ಆಂಡ್ರಾಯ್ಡ್ 6ರ ಡೋಜ಼್ ಕೂಡ ಮೇಜಿನ ಮೇಲೆ ಸುಮ್ಮನೆ ಬಿದ್ದಿರೋ ಫೋನಿನಲ್ಲಿ ಆ್ಯಪ್‌ಗಳ ಕೆಲಸವನ್ನು ತಡೆದಿಟ್ಟು, ಆಗಾಗ ಒಂದಿಷ್ಟು ಹೊತ್ತು ಬಿಡುತ್ತದೆ.

ಕೆಲಸ ಇರುವಾಗ ಫ್ರೀಕ್ವೆನ್ಸಿ, ವೋಲ್ಟೇಜ್ ಇಳಿಸೋದು ಇನ್ನೊಂದು ದಾರಿ. ಸ್ವಿಚಿಂಗ್ ಪವರ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರೋದ್ರಿಂದ ಸ್ವಲ್ಪ ಇಳಿಸಿದ್ರೂ ಲಾಭ. ಆದರೂ ಎಷ್ಟೋ ಸಲ ಬೇಗ ಮುಗಿಸಿ ಬೇಗ ಮಲಗೋದೇ ಮೇಲು, ಅಸೈನ್‌ಮೆಂಟ್ ಥರ.

ಆ ರಾತ್ರಿ ನಾವು ಬದಲಿಸಿದ್ದು ಒಂದೆರಡು ಸಾಲು. ಪದೇಪದೇ ಕೇಳೋ ಬದಲು ಬ್ಲಾಕಿಂಗ್ ರೀಡ್ ಹಾಕಿದ್ವಿ. ಡೇಟಾ ಬರುವವರೆಗೆ ಕರ್ನಲ್ ನಮ್ಮ ಪ್ರೋಗ್ರಾಮನ್ನು ಮಲಗಿಸಿತು, ಇಂಟರಪ್ಟ್ ಬಂದಾಗ ಎಬ್ಬಿಸಿತು. ಸ್ವಲ್ಪ ಹೊತ್ತಲ್ಲಿ ಫ್ಯಾನ್ ತಣ್ಣಗಾಯ್ತು. ರಿಪೋರ್ಟ್ ಮುಗಿದಾಗ ಬ್ಯಾಟರಿ 6 ಪರ್ಸೆಂಟ್. ಡೆಮೋದಲ್ಲಿ ಮೇಡಂ ಇದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀವಿ.