ಪರಿಸರ ವಿಜ್ಞಾನ ಓದುವ ಮಕ್ಕಳಿಗೆ ಜೊತೆಗೊಂದು ಸರ್ಟಿಫಿಕೇಟ್: ಯಾವುದು, ಏಕೆ?



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಖನಿಜ ಮಿಶ್ರಣ ಇಂತಹ ವಿಷಯಗಳನ್ನೇ ಬರೆಯುವವನು. ಈ ಸಲ ಮಕ್ಕಳ ಓದಿನ ಬಗ್ಗೆ ಬರೆಯಲು ಒಂದು ಕಾರಣವಿದೆ. ಕಳೆದ ತಿಂಗಳು ಒಂದು ಊರಿನಲ್ಲಿ ಬರಡು ರಾಸುಗಳ ಚಿಕಿತ್ಸಾ ಶಿಬಿರ ಮುಗಿಸಿ ಹೊರಟಾಗ ಸಂಘದ ಸದಸ್ಯೆಯೊಬ್ಬರು ತಡೆದು ನಿಲ್ಲಿಸಿದರು. ಅವರ ಮಗಳು ಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷ, ಪರಿಸರ ವಿಜ್ಞಾನ ಅವಳ ಮುಖ್ಯ ವಿಷಯ. "ಸಾರ್, ಡಿಗ್ರಿ ಒಂದೇ ಇದ್ರೆ ಕೆಲಸ ಸಿಗಲ್ವಂತೆ. ಜೊತೆಗೆ ಸರ್ಟಿಫಿಕೇಟ್ ಕೋರ್ಸ್ ಮಾಡ್ಬೇಕಂತೆ. ಇಪ್ಪತ್ತೆಂಟು ಸಾವಿರ ಕೇಳ್ತಾವ್ರೆ. ಒಂದು ಹಸು ಕೊಟ್ಬಿಡಾಣ ಅಂತಿದೀನಿ. ಕಟ್ಲಾ, ಬೇಡ್ವಾ?" ಎಂದು ಕೇಳಿದರು. ಮಾರಲು ಹೊರಟಿದ್ದ ಹಸು ಐದು ತಿಂಗಳ ಗಬ್ಬ ಎಂದು ಅದೇ ದಿನ ಬೆಳಿಗ್ಗೆ ನಾನೇ ಪರೀಕ್ಷಿಸಿ ಹೇಳಿದ್ದೆ! "ಒಂದು ವಾರ ತಡೀರಮ್ಮ, ವಿಚಾರಿಸಿ ಹೇಳ್ತೀನಿ" ಎಂದು ಬಂದೆ. ವಿಚಾರಿಸಿ ತಿಳಿದದ್ದನ್ನು ಆ ತಾಯಿಗೆ ಹೇಳಿಯಾಗಿದೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದೆಂದು ಇಲ್ಲಿಯೂ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಬಿ.ಎ., ಬಿ.ಕಾಂ. ಓದುವ ಮಕ್ಕಳಿಗೂ ಪರಿಸರದ ಒಂದು ಪಾಠ ಇರುತ್ತದೆ. 1991ರಲ್ಲಿ ಎಂ.ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಆದೇಶದ ಫಲ ಅದು. ಎಲ್ಲರಿಗೂ ತಿಳಿವಳಿಕೆ ಬರಲಿ ಎಂಬುದು ಅದರ ಉದ್ದೇಶವೇ ಹೊರತು ಅದರಿಂದ ಕೆಲಸ ಸಿಗುವುದಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ಪರಿಸರ ವಿಜ್ಞಾನವನ್ನೇ ಪದವಿಗೆ ಆರಿಸಿಕೊಂಡ ಮಕ್ಕಳ ವಿಷಯ.

ಪದವಿಗೂ ಸರ್ಟಿಫಿಕೇಟಿಗೂ ಇರುವ ವ್ಯತ್ಯಾಸ ನಮ್ಮ ಸಂಘದ ಹಾಲು ಪರೀಕ್ಷಕರನ್ನು ನೋಡಿದರೆ ತಿಳಿಯುತ್ತದೆ. ಈಗ ಬಹಳಷ್ಟು ಸಂಘಗಳಿಗೆ ಯಂತ್ರ ಬಂದಿದೆ. ಮೊದಲು ಜಿಡ್ಡಿನ ಪರೀಕ್ಷೆ ಗರ್ಬರ್ ವಿಧಾನದಲ್ಲೇ ಆಗುತ್ತಿತ್ತು. ಬ್ಯುಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಕುಲುಕಿ, ಯಂತ್ರದಲ್ಲಿ ತಿರುಗಿಸಬೇಕು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದವರು ಆಮ್ಲ ಏಕೆ ಹಾಕುತ್ತಾರೆಂದು ಹೇಳಬಲ್ಲರು. ಆದರೆ ತರಬೇತಿ ಪಡೆದು ಬಂದ ಎಸ್.ಎಸ್.ಎಲ್.ಸಿ. ಹುಡುಗ ಕೈ ಸುಟ್ಟುಕೊಳ್ಳದೆ ಬೆಳಗಿನ ಹೊತ್ತು ಅರವತ್ತು ಜನರ ಹಾಲನ್ನು ಪರೀಕ್ಷಿಸಿ ಮುಗಿಸುತ್ತಿದ್ದ. ಪದವಿ ಏಕೆ ಎಂಬುದನ್ನು ಕಲಿಸುತ್ತದೆ. ಸರ್ಟಿಫಿಕೇಟ್ ಒಂದು ಕೆಲಸವನ್ನು ಮಾಡಲು ಕಲಿಸಬೇಕು. ಹಾಗೆ ಕಲಿಸದ ಸರ್ಟಿಫಿಕೇಟ್ ಗೋಡೆಗೆ ನೇತುಹಾಕಲು ಮಾತ್ರ.

ಪರಿಸರ ವಿಜ್ಞಾನದಲ್ಲೇ ಒಂದು ಉದಾಹರಣೆ ನೋಡೋಣ. ಡೇರಿಯಲ್ಲಿ ಕ್ಯಾನು, ಟ್ಯಾಂಕರು, ಪೈಪು ತೊಳೆದ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಡುವಂತಿಲ್ಲ. ಅದರಲ್ಲಿರುವ ಹಾಲಿನ ಅಂಶ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳು ಸಾಯುತ್ತವೆ. ಈ ಹೀರುವಿಕೆಯ ಅಳತೆಗೆ ಬಿ.ಓ.ಡಿ. ಎನ್ನುತ್ತಾರೆ. ಕೇಂದ್ರ ಸರ್ಕಾರದ ನಿಯಮದಂತೆ ಡೇರಿಯಿಂದ ಹೊರಹೋಗುವ ನೀರಿನಲ್ಲಿ ಇದು ಲೀಟರಿಗೆ 100 ಮಿಲಿಗ್ರಾಂ ಮೀರಬಾರದು. ಸ್ಥಳ ನೋಡಿ ಇನ್ನೂ ಬಿಗಿಗೊಳಿಸಲೂಬಹುದು. ಬಹಳಷ್ಟು ಪಠ್ಯಪುಸ್ತಕಗಳಲ್ಲಿ ಈ ಪರೀಕ್ಷೆ 20 ಡಿಗ್ರಿ ಶಾಖದಲ್ಲಿ ಐದು ದಿನ ಎಂದಿರುತ್ತದೆ. ಅದು ತಂಪು ದೇಶಗಳ ಲೆಕ್ಕ. ನಮ್ಮ ದೇಶದ ಪ್ರಮಾಣಿತ ವಿಧಾನ 27 ಡಿಗ್ರಿಯಲ್ಲಿ ಮೂರು ದಿನ. ಮಾದರಿ ನೀರನ್ನು ತಂದ ಮೇಲೆ ತಡಮಾಡುವಂತಿಲ್ಲ, ದಾರಿಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗಾದರೆ ಸೀಸೆಯೇ ಬೇರೆ, ಅದನ್ನು ಮೊದಲೇ ಕ್ರಿಮಿಶುದ್ಧಿ ಮಾಡಿರಬೇಕು. ನಾಲ್ಕಾರು ಸರ್ಟಿಫಿಕೇಟ್ ಇದ್ದ ಒಬ್ಬ ಯುವಕನನ್ನು ನಾನು ಈ ಮಾತು ಕೇಳಿದಾಗ, ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ಹಿಡಿದು ಮಾರನೆಯ ದಿನ ಕೊಟ್ಟರಾಯಿತು ಎಂದ. ಅವನದು ತಪ್ಪಲ್ಲ. ಅವನಿಗೆ ಸಿಕ್ಕಿದ್ದೆಲ್ಲ ಕುಳಿತು ಕೇಳಿದ್ದಕ್ಕೆ ಕೊಟ್ಟ ಹಾಜರಾತಿ ಪತ್ರಗಳು.

ಇನ್ನು, ಓದುತ್ತಿರುವಾಗಲೇ ಮತ್ತೊಂದು ಕೋರ್ಸ್ ಮಾಡಬಹುದೇ? ಮಾಡಬಹುದು. 2022ರ ಏಪ್ರಿಲ್‌ನಲ್ಲಿ ಯು.ಜಿ.ಸಿ. ಹೊರಡಿಸಿದ ಮಾರ್ಗಸೂಚಿಯಂತೆ ತರಗತಿಯ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡು ಶಿಕ್ಷಣ ಕ್ರಮಗಳನ್ನು ಒಟ್ಟಿಗೆ ಓದಬಹುದು. ಒಂದನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಓದಲೂ ಅಡ್ಡಿಯಿಲ್ಲ. ಆದರೂ ಪ್ರಾಂಶುಪಾಲರನ್ನು ಒಂದು ಮಾತು ಕೇಳಿಯೇ ಸೇರುವುದು ಒಳ್ಳೆಯದು.

ಕಡಿಮೆ ಖರ್ಚಿನ, ನಂಬಬಹುದಾದ ದಾರಿಗಳು ಇವೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಸಾವಯವ ಕೃಷಿಯಲ್ಲಿಯೂ ನೀರು ಕೊಯ್ಲು ಮತ್ತು ನಿರ್ವಹಣೆಯಲ್ಲಿಯೂ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ರೂಪಿಸಿದೆ. ಆರು ತಿಂಗಳೆಂದರೆ ಸುಲಭವೆಂದು ತಿಳಿಯಬೇಡಿ. ಸಾವಯವ ಕೃಷಿಯದು 16 ಕ್ರೆಡಿಟ್. ಇಗ್ನೋ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು, ಒಟ್ಟು 480 ಗಂಟೆ. ಆರು ತಿಂಗಳಿಗೆ ಹಂಚಿದರೆ ವಾರಕ್ಕೆ ಹದಿನೆಂಟು ಗಂಟೆ ಆಯಿತು. ಬೆಳಿಗ್ಗೆ ಹಾಲು ಕರೆದು, ಬಸ್ಸು ಹಿಡಿದು ಕಾಲೇಜಿಗೆ ಹೋಗಿ, ಸಂಜೆ ಮತ್ತೆ ಹುಲ್ಲು ಹಾಕುವ ಹುಡುಗಿಗೆ ಇದು ಆಗದ ಮಾತು. ಆದರೆ ಮುಗಿಸಲು ಎರಡು ವರ್ಷದವರೆಗೆ ಅವಕಾಶವಿದೆ. ಆಗ ವಾರಕ್ಕೆ ಐದು ಗಂಟೆಗೂ ಕಡಿಮೆ. ಹೀಗೆ ಹರಡಿಕೊಂಡರೆ ಪದವಿಯ ಅಂಕಗಳಿಗೂ ಪೆಟ್ಟು ಬೀಳುವುದಿಲ್ಲ. ಸರ್ಟಿಫಿಕೇಟಿನ ಬೆನ್ನು ಹತ್ತಿ ಪದವಿಯಲ್ಲೇ ಫೇಲಾದರೆ ಎರಡೂ ಕೆಟ್ಟವು.

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಎಂಬ ವ್ಯವಸ್ಥೆ ಇನ್ನೊಂದು. ಮೊಬೈಲಿನಲ್ಲೇ ಪಾಠ ಕೇಳಬಹುದು, ಪಾಠಕ್ಕೆ ಶುಲ್ಕವಿಲ್ಲ. ಸರ್ಟಿಫಿಕೇಟ್ ಬೇಕಾದವರು ಶುಲ್ಕ ಕಟ್ಟಿ ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಪರೀಕ್ಷೆ ಇರುವುದರಿಂದಲೇ ಅದಕ್ಕೆ ಬೆಲೆ. ಕಾಲೇಜು ಒಪ್ಪಿದರೆ ಅದರ ಕ್ರೆಡಿಟ್ಟು ಪದವಿಗೂ ಸೇರುತ್ತದೆ. ಡೆಹ್ರಾಡೂನಿನಲ್ಲಿರುವ ಇಸ್ರೋದ ದೂರಸಂವೇದಿ ಸಂಸ್ಥೆ ಉಪಗ್ರಹ ಚಿತ್ರ ಓದುವುದನ್ನೂ ಗಣಕಯಂತ್ರದಲ್ಲಿ ನಕ್ಷೆ ಮಾಡುವುದನ್ನೂ 2007ರಿಂದ ದೂರದಿಂದಲೇ ಕಲಿಸುತ್ತಿದೆ. ನಕ್ಷೆಯ ವಿದ್ಯೆ ಕಲಿತ ಮಕ್ಕಳು ತಮ್ಮ ಊರಿನ ಕೆರೆ, ಕಾಲುವೆ, ಕೊಳವೆ ಬಾವಿಗಳದ್ದೇ ಒಂದು ನಕ್ಷೆ ಮಾಡಿಟ್ಟುಕೊಂಡರೆ ಸಂದರ್ಶನದಲ್ಲಿ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಡ್ರೋನ್ ಹಾರಿಸುವ ಕೋರ್ಸನ್ನೂ ಕೆಲವರು ಕೇಳುತ್ತಾರೆ. ಅದಕ್ಕೆ 18 ವರ್ಷ ತುಂಬಿ, ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕು, ಪದವಿ ಬೇಕಿಲ್ಲ, ಅವಸರವೂ ಬೇಡ. ಐ.ಎಸ್.ಓ. 14001 ಆಡಿಟರ್ ತರಬೇತಿ ಕೆಲಸದ ಅನುಭವ ಇರುವವರಿಗೆ ಉಪಯೋಗ, ಎರಡನೆಯ ವರ್ಷದ ಮಕ್ಕಳಿಗಲ್ಲ. ಸರ್ಕಾರಿ ಹುದ್ದೆಯ ಆಸೆಯಿದ್ದರೆ ಅಧಿಸೂಚನೆಯಲ್ಲಿ ಯಾವ ವಿದ್ಯಾರ್ಹತೆ ಕೇಳಿದ್ದಾರೋ ಅದೇ ಮುಖ್ಯ.

ಇದನ್ನೆಲ್ಲ ಬಲ್ಲವನಂತೆ ಬರೆಯುತ್ತಿದ್ದೇನೆ, ಆದರೆ ನಾನೇ ಒಮ್ಮೆ ಎಡವಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮಣ್ಣನ ಮಗನನ್ನು ಒಂದು ಖಾಸಗಿ ಸಂಸ್ಥೆಯ ಆರು ವಾರದ ಕೋರ್ಸಿಗೆ ಸೇರಿಸಲು ಹೇಳಿದವನು ನಾನು. ಕರಪತ್ರದಲ್ಲಿ 'ಅಂತರರಾಷ್ಟ್ರೀಯ ಮಾನ್ಯತೆ' ಎಂದು ದೊಡ್ಡ ಅಕ್ಷರದಲ್ಲಿತ್ತು. ಯಾರ ಮಾನ್ಯತೆ ಎಂದು ನಾನು ಕೇಳಲಿಲ್ಲ. ಅಣ್ಣ ನಾಲ್ಕು ತಿಂಗಳ ಬಟವಾಡೆ ಹಣ ಕೂಡಿಸಿ ಕಟ್ಟಿದ. ಹುಡುಗ ಕೆಲಸ ಕೇಳಲು ಹೋದ ಕಾರ್ಖಾನೆಯಲ್ಲಿ ಆ ಕಾಗದವನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, "ಪಿ.ಎಚ್. ಮೀಟರ್ ಸರಿಹೊಂದಿಸಲು ಬರುತ್ತದೆಯೇ?" ಎಂದರಂತೆ. ಬರುತ್ತಿರಲಿಲ್ಲ. ಅಣ್ಣ ನನ್ನನ್ನು ಇಂದಿಗೂ ಒಂದು ಮಾತು ಆಡಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಆದ್ದರಿಂದ ಹಣ ಕಟ್ಟುವ ಮೊದಲು ನಾಲ್ಕು ಮಾತು ಕೇಳಿ. ಕೊಡುವವರು ಯಾರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು? ಕೊನೆಗೆ ಪರೀಕ್ಷೆ ಉಂಟೇ? ಎಷ್ಟು ದಿನ ಉಪಕರಣ ಕೈಗೆ ಕೊಡುತ್ತಾರೆ? ಈ ಕೋರ್ಸ್ ಮಾಡಿ ಕೆಲಸದಲ್ಲಿರುವ ಇಬ್ಬರನ್ನು ಮಾತಾಡಿಸಬಹುದೇ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

ಆ ತಾಯಿ ತೋರಿಸಿದ ಕರಪತ್ರದಲ್ಲಿ ಪ್ರಯೋಗಾಲಯದ ಸುದ್ದಿಯೇ ಇರಲಿಲ್ಲ. ಹಣ ಕಟ್ಟಬೇಡಿ ಎಂದೆ. ಬದಲಿಗೆ ಮಗಳನ್ನು ಗ್ರಾಮ ಪಂಚಾಯಿತಿಗೆ ಕಳಿಸಿದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ ಐವರಿಗೆ, ಸಾಧ್ಯವಾದಷ್ಟು ಮಹಿಳೆಯರಿಗೇ, ಕಿಟ್ ಬಳಸಿ ನೀರು ಪರೀಕ್ಷಿಸಲು ಕಲಿಸುವ ಏರ್ಪಾಡಿದೆ. ಅವರ ಊರಿನಲ್ಲಿ ಪೆಟ್ಟಿಗೆ ಬಂದಿತ್ತು, ತೆರೆದವರಿರಲಿಲ್ಲ. ಹುಡುಗಿ ತೆರೆದಳು. ಕೊಟ್ಟಿಗೆಯ ತಿಪ್ಪೆಗೆ ಹತ್ತಿರವಿದ್ದ ತಮ್ಮದೇ ಬಾವಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಿರುವಂತೆ ಬಣ್ಣ ತೋರಿಸಿತು. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಹಸುಗೂಸುಗಳಿಗೆ ಅಪಾಯ. ಖಚಿತಪಡಿಸಿಕೊಳ್ಳಲು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ತಿಪ್ಪೆಯನ್ನಂತೂ ಆಗಲೇ ದೂರಕ್ಕೆ ಸಾಗಿಸಿದ್ದಾರೆ, ಹಸು ಕೊಟ್ಟಿಗೆಯಲ್ಲೇ ಇದೆ. ಹುಡುಗಿ ನೀರಿನ ಕೋರ್ಸಿಗೆ ಸೇರುವ ಯೋಚನೆಯಲ್ಲಿದ್ದಾಳೆ.

ಇಗ್ನೋ ಪ್ರವೇಶ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಅವಧಿಗೆ. ಆಯಾ ಅವಧಿಗೆ ಯಾವ ಕೋರ್ಸ್ ಲಭ್ಯವಿದೆ, ಶುಲ್ಕವೆಷ್ಟು ಎಂಬುದನ್ನು ಅವರ ಅಧ್ಯಯನ ಕೇಂದ್ರದಲ್ಲೇ ವಿಚಾರಿಸಿ. ಕರಪತ್ರ ತಂದು ತೋರಿಸಬೇಕೆನ್ನುವವರು ನಾನು ನಿಮ್ಮ ಸಂಘಕ್ಕೆ ಬಂದ ದಿನ ತನ್ನಿ, ಹಣ ಕಟ್ಟುವ ಮೊದಲು.