ಅಂಕಿತ, ಕೃತಿ, ಪಾಠ: ಹರಿದಾಸ ಸಾಹಿತ್ಯದ ದತ್ತಸಂಚಯಕ್ಕೊಂದು ರೇಖಾಮಾದರಿ

ಹರಿದಾಸ ಸಾಹಿತ್ಯವನ್ನು ಗಣಕಕ್ಕೆ ಅಳವಡಿಸಲು ಹೊರಟವರು ಸಾಮಾನ್ಯವಾಗಿ ಒಂದೇ ಕೋಷ್ಟಕದಿಂದ ಆರಂಭಿಸುತ್ತಾರೆ. ಹಾಡಿನ ಮೊದಲ ಸಾಲು, ದಾಸರ ಹೆಸರು, ಅಂಕಿತ, ರಾಗ, ತಾಳ, ಪಠ್ಯ ಎಂಬ ಆರು ಅಂಕಣಗಳು; ಒಂದು ಹಾಡಿಗೆ ಒಂದು ಸಾಲು. ನೋಡಲು ಅಚ್ಚುಕಟ್ಟಾದ ವ್ಯವಸ್ಥೆಯೇ ಸರಿ. ಆದರೆ ಪ್ರತಿಯೊಂದು ಅಂಕಣದಲ್ಲಿಯೂ ಚರ್ಚೆಯಿಲ್ಲದೆ ತೆಗೆದುಕೊಂಡ ಒಂದು ಸಂಶೋಧನಾ ನಿರ್ಣಯ ಅಡಗಿರುತ್ತದೆ. ಕರ್ತೃತ್ವ ನಿರ್ಣಯ, ಪಾಠನಿರ್ಣಯಗಳಂತಹ ಪ್ರಶ್ನೆಗಳನ್ನು ತಂತ್ರಾಂಶ ಬರೆಯುವವರು ತಮಗರಿವಿಲ್ಲದೆಯೇ ಇತ್ಯರ್ಥಪಡಿಸಿಬಿಡುತ್ತಾರೆ. ಇದಕ್ಕೆ ಅವರನ್ನು ದೂರುವುದು ತರವಲ್ಲ. ರೇಖಾಚಿತ್ರ ಬರೆಯಬೇಕಾದ ಹಂತದಲ್ಲಿ ಕನ್ನಡ ವಿದ್ವಾಂಸರು ಅಲ್ಲಿರುವುದಿಲ್ಲ. ಆ ಹಂತದ ಸ್ವರೂಪವನ್ನು ರಾಯಚೂರು ಸೀಮೆಯ ದಾಸರ ಕೃತಿಗಳನ್ನು ಆಧಾರವಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇಡುವ ಸಿದ್ಧಾಂತವನ್ನು ಇ.ಎಫ್. ಕಾಡ್ 1970ರಲ್ಲಿ ಮಂಡಿಸಿದರು. ಕೋಷ್ಟಕಗಳನ್ನು ರಚಿಸುವ ಮೊದಲು ವಿಷಯವನ್ನೇ ಚಿತ್ರವಾಗಿ ಬರೆದುಕೊಳ್ಳುವ ಕ್ರಮವನ್ನು ಪೀಟರ್ ಚೆನ್ 1976ರ ಲೇಖನದಲ್ಲಿ ರೂಪಿಸಿದರು. ಅದರಲ್ಲಿ ಸ್ವತಂತ್ರ ಅಸ್ತಿತ್ವವುಳ್ಳ ಘಟಕಕ್ಕೆ ಆಯತ, ಎರಡು ಘಟಕಗಳ ನಡುವಣ ಸಂಬಂಧಕ್ಕೆ ವಜ್ರಾಕೃತಿ. ಆ ಸಂಬಂಧ ಒಂದಕ್ಕೆ ಒಂದೋ, ಒಂದಕ್ಕೆ ಹಲವೋ, ಹಲವಕ್ಕೆ ಹಲವೋ ಎಂಬುದನ್ನು ಗೆರೆಯ ಮೇಲೆಯೇ ಗುರುತಿಸಬೇಕು. ಮುಂದೆ ಬೂಚ್, ರಂಬಾ, ಜೇಕಬ್‌ಸನ್ ಎಂಬ ಮೂವರ ಪದ್ಧತಿಗಳು ಕೂಡಿ ರೂಪುಗೊಂಡ ಯುಎಂಎಲ್ ಎಂಬ ಚಿತ್ರಭಾಷೆ 1997ರಲ್ಲಿ ಮಾನ್ಯತೆ ಪಡೆಯಿತು. ಅದು ಮಾಹಿತಿಯ ರಚನೆಯ ಜೊತೆಗೆ ವ್ಯವಸ್ಥೆಯನ್ನು ಯಾರು, ಯಾವ ಕ್ರಮದಲ್ಲಿ ಬಳಸುತ್ತಾರೆ ಎಂಬುದನ್ನೂ ಚಿತ್ರಿಸುತ್ತದೆ. ನಮಗೆ ಇಲ್ಲಿ ಮುಖ್ಯವಾದುದು ‘ಒಂದೋ ಹಲವೋ’ ಎಂಬ ಸರಳ ಪ್ರಶ್ನೆ. ಉಳಿದ ಸಂಕೇತಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಮೊದಲಿಗೆ ಅಂಕಿತವನ್ನೇ ತೆಗೆದುಕೊಳ್ಳೋಣ. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರಾದ ಗೋಪಾಲದಾಸರ ಅಂಕಿತ ‘ಗೋಪಾಲವಿಠ್ಠಲ’. ಅವರ ಸೋದರರೂ ದಾಸರೇ; ವರದಗೋಪಾಲವಿಠ್ಠಲ, ಗುರುಗೋಪಾಲವಿಠ್ಠಲ, ತಂದೆಗೋಪಾಲವಿಠ್ಠಲ ಎಂಬವು ಅವರ ಅಂಕಿತಗಳು. ಅಂಕಿತವನ್ನು ಬರಿಯ ಅಕ್ಷರಗಳ ಸಾಲಾಗಿ ಅಂಕಣದೊಳಗಿಟ್ಟು ‘ಗೋಪಾಲವಿಠ್ಠಲ’ ಎಂದು ಹುಡುಕಿದರೆ ನಾಲ್ವರ ಹಾಡುಗಳೂ ಒಟ್ಟಿಗೆ ಬಂದು ಬೀಳುತ್ತವೆ. ಅದೇ ಗೋಪಾಲದಾಸರ ಹಾಡು ಬೇರೊಂದು ಮುದ್ರಣದಲ್ಲಿ ‘ವಿಠಲ’ ಎಂದಿದ್ದರೆ ಅದು ಬಿಟ್ಟೇ ಹೋಗುತ್ತದೆ. ಒಂದೆಡೆ ಅತಿವ್ಯಾಪ್ತಿ, ಇನ್ನೊಂದೆಡೆ ಅವ್ಯಾಪ್ತಿ. ಅಂಕಿತವನ್ನು ಸ್ವತಂತ್ರ ಘಟಕವಾಗಿ ಬರೆದು, ಅದರ ಬರಹಭೇದಗಳನ್ನೆಲ್ಲ ಅದಕ್ಕೆ ಜೋಡಿಸಿ, ಬಳಿಕ ದಾಸರೊಡನೆ ಸಂಬಂಧ ಕಲ್ಪಿಸಿದರೆ ಎರಡೂ ದೋಷಗಳು ನಿವಾರಣೆಯಾಗುತ್ತವೆ.

ಅಂಕಿತಪ್ರದಾನವೂ ಒಂದು ಸಂಬಂಧವೇ. ಕೊಡುವವರೂ ಪಡೆಯುವವರೂ ‘ದಾಸರು’ ಎಂಬ ಒಂದೇ ಘಟಕಕ್ಕೆ ಸೇರಿದವರಾದ್ದರಿಂದ ಗೆರೆ ಆಯತದಿಂದ ಹೊರಟು ಅದಕ್ಕೇ ಮರಳುತ್ತದೆ. ವಿಜಯದಾಸರಿಂದ ಗೋಪಾಲದಾಸರಿಗೆ, ಗೋಪಾಲದಾಸರಿಂದ ಹೆಳವನಕಟ್ಟೆ ಗಿರಿಯಮ್ಮನವರಿಗೆ ಎಂಬ ಪರಂಪರೆ ಈ ಒಂದು ಗೆರೆಯಲ್ಲಿ ಅಡಕವಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಚೀಕಲಪರವಿಯ ವಿಜಯದಾಸರಿಗೆ (1682-1755) ಪುರಂದರದಾಸರು ಸ್ವಪ್ನದಲ್ಲಿ ಅಂಕಿತವಿತ್ತರೆಂಬುದು ಸಂಪ್ರದಾಯದ ನಂಬಿಕೆ. ಪುರಂದರದಾಸರ ಕಾಲ 1564ಕ್ಕೆ ಮುಗಿಯುತ್ತದೆ. ‘ಕೊಡುವವರು ಆಗ ಜೀವಿಸಿರಬೇಕು’ ಎಂಬ ವಿವೇಕಯುತವಾದ ನಿಯಮವನ್ನು ತಂತ್ರಾಂಶದಲ್ಲಿ ಅಳವಡಿಸಿದರೆ, ದಾಸಪಂಥದ ಎರಡನೆಯ ಘಟ್ಟದ ಆರಂಭಬಿಂದುವನ್ನೇ ಅದು ದೋಷವೆಂದು ತಿರಸ್ಕರಿಸುತ್ತದೆ! ‘ಪ್ರತ್ಯಕ್ಷ’, ‘ಸ್ವಪ್ನ’ ಎಂಬ ವಿಧಾನವನ್ನೂ, ಹೇಳಿಕೆಯ ಆಕರವನ್ನೂ ಆ ಸಂಬಂಧದ ಲಕ್ಷಣಗಳಾಗಿ ಸೇರಿಸುವುದೇ ಇದಕ್ಕೆ ಪರಿಹಾರ. ಸಂಪ್ರದಾಯದ ಹೇಳಿಕೆಯನ್ನು ಚಾರಿತ್ರಿಕ ಸಂಗತಿಯೆಂದು ಒಪ್ಪಬೇಕಾಗಿಲ್ಲ, ಅಳಿಸಲೂ ಬೇಕಾಗಿಲ್ಲ.

ತಾಳದ ವಿಷಯದಲ್ಲಿ ಆರು ಅಂಕಣಗಳ ಕೋಷ್ಟಕ ಇನ್ನೂ ಬೇಗ ಕುಸಿಯುತ್ತದೆ. ವಿಜಯದಾಸರು ಸುಳಾದಿಗಳಿಗೆ ಹೆಸರಾದವರು. ಧ್ರುವ, ಮಟ್ಟ, ತ್ರಿಪುಟ, ಅಟ್ಟ ಮೊದಲಾದ ಬೇರೆಬೇರೆ ತಾಳಗಳ ಖಂಡಗಳಾಗಿ ಸಾಗಿ ‘ಜತೆ’ಯಲ್ಲಿ ಮುಗಿಯುವುದು ಸುಳಾದಿಯ ರಚನೆ. ಇಲ್ಲಿ ತಾಳವು ಕೃತಿಯ ಲಕ್ಷಣವಲ್ಲ, ಖಂಡದ ಲಕ್ಷಣ. ಉಗಾಭೋಗಕ್ಕೆ ತಾಳದ ಕಟ್ಟೇ ಇಲ್ಲ. ಆದುದರಿಂದ ‘ಕೃತಿ’ ಎಂಬ ಆಯತದ ಕೆಳಗೆ ‘ಖಂಡ’ ಎಂಬ ಇನ್ನೊಂದು ಆಯತ ಬರಬೇಕು; ಒಂದು ಕೃತಿಗೆ ಒಂದು ಅಥವಾ ಹಲವು ಖಂಡಗಳು, ಒಂದು ಖಂಡಕ್ಕೆ ಸೊನ್ನೆ ಅಥವಾ ಒಂದು ತಾಳ.

ಜಗನ್ನಾಥದಾಸರ ಹರಿಕಥಾಮೃತಸಾರ ಮತ್ತೊಂದು ಬಗೆಯ ತೊಡಕನ್ನು ಮುಂದಿಡುತ್ತದೆ. ಮಾನ್ವಿ ಸೀಮೆಯ ಬ್ಯಾಗವಾಟದವರಾದ ಅವರು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಈ ಗ್ರಂಥದ ಕೊನೆಗೆ ಸೇರಿಸಿ ಪಠಿಸುವ ಫಲಸ್ತುತಿ ಸಂಧಿ ಶ್ರೀದವಿಠ್ಠಲರದು. ಗ್ರಂಥ ಒಂದು, ಕರ್ತೃಗಳು ಇಬ್ಬರು. ಕರ್ತೃವನ್ನು ಕೃತಿಗೆ ಮಾತ್ರ ಜೋಡಿಸಿದರೆ ಶಿಷ್ಯರ ಸಂಧಿ ಗುರುಗಳ ಹೆಸರಿಗೆ ಸಂದುಹೋಗುತ್ತದೆ. ಕರ್ತೃತ್ವವೂ ಖಂಡದ ಮಟ್ಟಕ್ಕೆ ಇಳಿಯಬೇಕು. ಅಷ್ಟೇ ಅಲ್ಲದೆ, ಕರ್ತೃತ್ವವನ್ನು ಯಾರು, ಯಾವ ಆಧಾರದಿಂದ ಹೇಳಿದರು, ಅದು ನಿಶ್ಚಿತವೋ ಸಂದಿಗ್ಧವೋ ಎಂಬುದಕ್ಕೂ ಸ್ಥಳವಿರಬೇಕು. ಒಂದೇ ಹಾಡು ಇಬ್ಬರು ದಾಸರ ಹೆಸರಿನಲ್ಲಿ ಪ್ರಚಲಿತವಾಗಿರುವುದು ನಮ್ಮಲ್ಲಿ ಅಪರೂಪವೇನಲ್ಲ. ಒಂದೇ ಅಂಕಣವಿದ್ದಾಗ ಹೆಚ್ಚು ಪ್ರಸಿದ್ಧರಾದವರ ಹೆಸರೇ ಅಲ್ಲಿ ಉಳಿಯುವ ಸಂಭವ ಹೆಚ್ಚು. ನಷ್ಟವಾಗುವುದು ಹೆಚ್ಚಾಗಿ ಅಲ್ಪಪರಿಚಿತರಿಗೆ ಮತ್ತು ದಾಸಪಂಥದ ಹೆಣ್ಣುಮಕ್ಕಳಿಗೆ.

ಎಲ್ಲಕ್ಕಿಂತ ಮುಖ್ಯವಾದುದು ಕೃತಿ ಮತ್ತು ಪಾಠಗಳ ವ್ಯತ್ಯಾಸ. ಲಿಂಗಸುಗೂರಿನ ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದಿಂದ ಗೊರೆಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಸಂಪಾದಿಸಿ ಪ್ರಕಟಿಸಿದರು. ಆ ಮುದ್ರಿತ ಪಾಠ ಒಂದು. ಮನೆತನದ ಹಸ್ತಪ್ರತಿಯ ಪಾಠ ಇನ್ನೊಂದು. ಭಜನೆಯಲ್ಲಿ ಹಾಡುವ ಪಾಠ ಮತ್ತೊಂದು. ಇವು ಮೂರೂ ಒಂದೇ ಕೃತಿಯ ಸಾಕ್ಷಿಗಳು. ರೇಖಾಚಿತ್ರದಲ್ಲಿ ‘ಕೃತಿ’ಯಿಂದ ‘ಪಾಠ’ಕ್ಕೆ ಒಂದಕ್ಕೆ ಹಲವು ಎಂಬ ಗೆರೆಯೆಳೆದು, ‘ಪಾಠ’ವನ್ನು ‘ಆಕರ’ಕ್ಕೆ ಜೋಡಿಸಿದರೆ ಹಾಡುಗಾರ್ತಿಯ ಕಂಠವೂ ಓಲೆಗರಿಯಂತೆಯೇ ಆಕರವಾಗಿ ನಿಲ್ಲುತ್ತದೆ. ರಾಗವನ್ನು ಇಡಬೇಕಾದುದೂ ಇಲ್ಲಿಯೇ. ಪ್ರತಿಯಿಂದ ಪ್ರತಿಗೆ, ಹಾಡುವವರಿಂದ ಹಾಡುವವರಿಗೆ ರಾಗ ಬದಲಾಗುವುದರಿಂದ ಅದು ಕೃತಿಯದೆನ್ನುವುದಕ್ಕಿಂತ ಪಾಠದ್ದೆನ್ನುವುದು ಯುಕ್ತ.

ಸ್ಥಳವನ್ನೂ ಬೇರೆಯಾಗಿಯೇ ಇಡಬೇಕು. ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದಿಗೆ ಸೇರಿತ್ತು; ಈಚೆಗೆ ಸಿರವಾರ, ಮಸ್ಕಿಗಳು ಪ್ರತ್ಯೇಕ ತಾಲ್ಲೂಕುಗಳಾಗಿವೆ. ಹಳೆಯ ಮುದ್ರಣದ ‘ಮಾನ್ವಿ ತಾಲ್ಲೂಕು’ ಇಂದಿನ ಮಾನ್ವಿ ತಾಲ್ಲೂಕಲ್ಲ. ಊರು ಒಂದೇ, ಆಡಳಿತದ ಹೆಸರು ಕಾಲಾನುಗುಣವಾಗಿ ಹಲವು.

ಹೀಗೆ ಆರು ಅಂಕಣಗಳ ಕೋಷ್ಟಕವು ದಾಸರು, ಅಂಕಿತ, ಕೃತಿ, ಖಂಡ, ಪಾಠ, ಆಕರ, ಸ್ಥಳ ಎಂಬ ಏಳು ಘಟಕಗಳಾಗಿ ಒಡೆಯುತ್ತದೆ. ಮಾಹಿತಿ ತುಂಬುವ ಶ್ರಮ ಹೆಚ್ಚುತ್ತದೆ ಎಂಬ ಆಕ್ಷೇಪ ಸಹಜ, ನಿಜವೂ ಹೌದು. ಆದರೆ ಸಾವಿರಾರು ಹಾಡುಗಳನ್ನು ತುಂಬಿದ ಮೇಲೆ ತಾಳವನ್ನು ಖಂಡಕ್ಕೆ ಇಳಿಸಬೇಕಾದರೆ ಪ್ರತಿಯೊಂದು ಸುಳಾದಿಯನ್ನೂ ಮತ್ತೆ ತೆರೆದು ನೋಡಬೇಕಾಗುತ್ತದೆ. ಹಾಳೆಯ ಮೇಲಿನ ಗೆರೆಯನ್ನು ತಿದ್ದಲು ಒಂದು ರಬ್ಬರು ಸಾಕು. ಈ ಚಿತ್ರವನ್ನು ಬರೆಯುವುದಕ್ಕೆ ಗಣಕವೂ ಬೇಡ. ವಿಭಾಗದ ಕಪ್ಪುಹಲಗೆಯ ಮುಂದೆ ಗ್ರಂಥಸಂಪಾದನೆ ಬಲ್ಲ ಒಬ್ಬರು, ಹಾಡು ಬಲ್ಲ ಒಬ್ಬರು, ತಂತ್ರಾಂಶ ಬಲ್ಲ ಒಬ್ಬರು ಕುಳಿತು, ಒಂದು ಸುಳಾದಿ, ಒಂದು ಉಗಾಭೋಗ, ಕರ್ತೃತ್ವ ಸಂದಿಗ್ಧವಾದ ಒಂದು ಕೀರ್ತನೆ, ಇಷ್ಟನ್ನು ಆ ಆಯತಗಳಲ್ಲಿ ತುಂಬಿ ನೋಡಬೇಕು. ಎಲ್ಲಿಯಾದರೂ ತುಂಬಲು ಸ್ಥಳ ಸಿಗದಿದ್ದರೆ ಚಿತ್ರವನ್ನು ತಿದ್ದಬೇಕೇ ಹೊರತು ಹಾಡನ್ನಲ್ಲ.