*ಆರೋಗ್ಯ ಮಾಲಿಕೆ: ಮನೆಗೆ ಕೋಳಿಮರಿ ಬಂದಿದೆಯೇ? ಮರಿಯೂ ಉಳಿಯಲಿ, ಮಕ್ಕಳೂ ಕ್ಷೇಮವಾಗಿರಲಿ*



ನೆರೂಳ, ವಾಶಿ, ಡೊಂಬಿವಲಿ ಕಡೆ ಬುಟ್ಟಿಯಲ್ಲಿ ಬಣ್ಣ ಹಾಕಿದ ಕೋಳಿಮರಿ ಮಾರಲು ಬಂದರೆ ಮಕ್ಕಳು ಹಟ ಹಿಡಿಯುತ್ತಾರೆ. ರೋಹೌಸಿನ ಹಿತ್ತಲಿನಲ್ಲಿ ನಾಲ್ಕು ಕೋಳಿ ಸಾಕುವ ಆಸೆ ದೊಡ್ಡವರಿಗೂ ಇರುತ್ತದೆ. ಆದರೆ ತಂದ ಮರಿಗಳಲ್ಲಿ ಎಷ್ಟೋ ಮೂರು ನಾಲ್ಕು ದಿನದಲ್ಲೇ ಸಾಯುತ್ತವೆ. ಚಳಿಯೇ ಅದಕ್ಕೆ ಒಂದು ದೊಡ್ಡ ಕಾರಣ. ಮೊಟ್ಟೆಯಿಂದ ಬಂದ ಮರಿಯ ಮೈಮೇಲೆ ನಯವಾದ ತುಪ್ಪಳ ಮಾತ್ರ ಇರುತ್ತದೆ. ಗರಿ ಬರುವವರೆಗೆ ಅದು ತನ್ನ ಮೈಬಿಸಿ ತಾನೇ ಕಾಯ್ದುಕೊಳ್ಳಲಾರದು. ಊರಲ್ಲಾದರೆ ಹೇಂಟೆಯ ರೆಕ್ಕೆ ಇದೆ. ಇಲ್ಲಿ ಆ ರೆಕ್ಕೆಯ ಕೆಲಸ ನಿಮ್ಮದು.

*1. ಕಾವುಪೆಟ್ಟಿಗೆ ಹೀಗಿರಲಿ*
ಹತ್ತು ಮರಿಗಳಿಗೆ ಮೊದಲ ಎರಡು ವಾರ 2 ಅಡಿ ಅಗಲ, 3 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಸಾಕು. ಕೆಳಗೆ 2 ಇಂಚು ಭತ್ತದ ಹೊಟ್ಟು ಹಾಸಿ. ಬರೀ ನ್ಯೂಸ್‌ಪೇಪರ್ ಬೇಡ, ಕಾಲು ಜಾರಿ ಮರಿ ಕುಂಟಾಗುತ್ತದೆ. ಮೇಲೆ ತಂತಿ ಬಲೆ ಮುಚ್ಚಿ. ನಮ್ಮ ಕಡೆ ಬೆಕ್ಕು, ಕಾಗೆಗಿಂತ ಹೆಗ್ಗಣದ ಕಾಟವೇ ಹೆಚ್ಚು.

*2. ಬಿಸಿ ಎಷ್ಟು?*
ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್. ನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಹಳೆಯ ಮಾದರಿಯ 40 ಅಥವಾ 60 ವ್ಯಾಟ್ ಬಲ್ಬೇ ಬೇಕು. ಅದನ್ನು ಪೆಟ್ಟಿಗೆಯ ಒಂದು ತುದಿಯಲ್ಲಿ, ಒಂದರಿಂದ ಒಂದೂವರೆ ಅಡಿ ಮೇಲೆ ತೂಗಿಹಾಕಿ. ಸೆಕೆಯಾದ ಮರಿ ಇನ್ನೊಂದು ತುದಿಗೆ ಸರಿದುಕೊಳ್ಳುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒತ್ತಾಗಿ ಗುಂಪುಗೂಡಿ ಕೂಗಿದರೆ ಚಳಿ. ದೂರ ಹೋಗಿ ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಎಲ್ಲವೂ ಒಂದೇ ಮೂಲೆ ಹಿಡಿದರೆ ಎದುರಿನಿಂದ ಗಾಳಿ ಬಡಿಯುತ್ತಿದೆ. ಎಲ್ಲೆಡೆ ಹರಡಿಕೊಂಡು ತಿನ್ನುತ್ತಿದ್ದರೆ ಸರಿಯಾಗಿದೆ. ಇಲ್ಲಿಯ ಮೇ ತಿಂಗಳ ಹಗಲಿನಲ್ಲಿ ಬಲ್ಬೇ ಬೇಕಾಗದಿರಬಹುದು. ಡಿಸೆಂಬರ್ ರಾತ್ರಿಯಲ್ಲಿ, ಜೋರು ಮಳೆಯ ದಿನಗಳಲ್ಲಿ ಬೇಕೇ ಬೇಕು.

*3. ಬೆಂಕಿ ಮತ್ತು ಹೊಗೆಯ ಎಚ್ಚರ*
ಬಲ್ಬನ್ನು ಬರೀ ವೈರಿನಲ್ಲಿ ತೂಗುಬಿಡಬೇಡಿ, ಗಟ್ಟಿ ಸರಪಳಿಯಿಂದ ಕಟ್ಟಿ. ಅದು ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ. ಕರೆಂಟ್ ಹೋದಾಗ ಊರಿನ ಅಭ್ಯಾಸದಂತೆ ಇದ್ದಿಲು ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ *ಎಂದೂ ಇಡಬೇಡಿ*. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದ ಮನುಷ್ಯರು ಏಳದೇ ಹೋಗಬಹುದು. ಬದಲಿಗೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಡಿ.

*4. ನೀರು, ಆಹಾರ*
ಮೊದಲು ನೀರು, ಆಮೇಲೆ ಆಹಾರ. ಒಂದೊಂದೇ ಮರಿಯ ಕೊಕ್ಕನ್ನು ಉಗುರುಬೆಚ್ಚಗಿನ ನೀರಿಗೆ ಮುಟ್ಟಿಸಿ ಕಲಿಸಿ. ತಟ್ಟೆ ಆಳವಿರದಿರಲಿ, ನಾಲ್ಕು ಗೋಲಿಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಮೊದಲ ದಿನ ಮೆಕ್ಕೆಜೋಳದ ನುಚ್ಚು, ನಂತರ ಚಿಕ್ ಸ್ಟಾರ್ಟರ್ ಕೊಡಿ. ರಾತ್ರಿ ಉಳಿದ ಆಹಾರ ಚೆಲ್ಲಿರಬಾರದು. ಅದು ಇಲಿ ಹೆಗ್ಗಣಗಳನ್ನು ಕರೆಯುತ್ತದೆ, ಅವುಗಳ ಮೂತ್ರದಿಂದ ಮಳೆಗಾಲದಲ್ಲಿ ಲೆಪ್ಟೊಸ್ಪೈರೋಸಿಸ್ ಹರಡುತ್ತದೆ. ಒದ್ದೆಯಾದ ಹೊಟ್ಟನ್ನು ದಿನವೂ ತೆಗೆಯಿರಿ. ರಾಣಿಖೇತ್ ರೋಗದ ಲಸಿಕೆಯನ್ನು ಮೊದಲ ವಾರದಲ್ಲೇ ಹಾಕಿಸಬೇಕು, ಪಶುವೈದ್ಯರನ್ನು ಕೇಳಿ.

*5. ಮಕ್ಕಳ ವಿಷಯದಲ್ಲಿ ಮರೆಯಬಾರದ್ದು*
ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದ ಅಜ್ಜ ಅಜ್ಜಿ ಮರಿಯನ್ನು ಮುಟ್ಟದಿರುವುದೇ ಒಳ್ಳೆಯದು. ಮುತ್ತಿಡುವುದು, ಮಡಿಲಲ್ಲಿ ಕೂರಿಸಿಕೊಂಡು ತಿಂಡಿ ತಿನ್ನುವುದು ಬೇಡವೇ ಬೇಡ. ಮುಟ್ಟಿದವರು ಸೋಪಿನಿಂದ 20 ಸೆಕೆಂಡು ಕೈ ತೊಳೆಯಲಿ. ಪೆಟ್ಟಿಗೆ ಅಡುಗೆಮನೆಯಲ್ಲಿ ಬೇಡ, ಮರಿಯ ತಟ್ಟೆಯನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ತೊಳೆಯಬೇಡಿ. ಮಗುವಿಗೆ ಜ್ವರ, ಹೊಟ್ಟೆನೋವು, ಭೇದಿ ಬಂದರೆ ಮನೆಯಲ್ಲಿ ಕೋಳಿಮರಿ ಇದೆ ಎಂದು ಡಾಕ್ಟರಿಗೆ ತಪ್ಪದೆ ಹೇಳಿ.

*6. ಹಕ್ಕಿಜ್ವರ*
2022ರ ಫೆಬ್ರವರಿಯಲ್ಲಿ ಠಾಣೆ ಜಿಲ್ಲೆಯ ಶಹಾಪುರದಲ್ಲಿ, 2025ರ ಜನವರಿಯಲ್ಲಿ ನಮ್ಮ ಪಕ್ಕದ ಉರಣ್ ತಾಲ್ಲೂಕಿನ ಚಿರನೇರ್‌ನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಮರಿಗಳು ಒಮ್ಮೆಲೇ ಸಾಯತೊಡಗಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಸರಕಾರಿ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ಫೋನ್ ಮಾಡಿ.

*ಕೊನೆಯ ಮಾತು:* ಫ್ಲಾಟಿನಲ್ಲಿರುವವರು ಮೊದಲು ಸೊಸೈಟಿಯ ನಿಯಮ ಕೇಳಿ. ಬೀದಿಯ ಬಣ್ಣದ ಮರಿ ಬಿಟ್ಟು, ಲಸಿಕೆ ಹಾಕಿದ ಮರಿಯನ್ನು ನಂಬಿಕೆಯ ಹ್ಯಾಚರಿಯಿಂದ ತನ್ನಿ. ಗೋರೆಗಾಂವ್ ಆರೆ ಕಾಲೋನಿಯಲ್ಲಿ ಕೇಂದ್ರ ಸರಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯೇ ಇದೆ, ಅಲ್ಲಿ ವಿಚಾರಿಸಬಹುದು. ಮೂರು ನಾಲ್ಕು ವಾರ ದಿನವೂ ರಾತ್ರಿ ಎದ್ದು ನೋಡುವವರು ಮನೆಯಲ್ಲಿ ಯಾರೂ ಇಲ್ಲವೆಂದರೆ, ಮಗು ಎಷ್ಟೇ ಅತ್ತರೂ ಮರಿ ತರಬೇಡಿ. ಅದು ಆಟಿಕೆಯಲ್ಲ, ಜೀವ.

🙏 ಉಪಯುಕ್ತ ಎನಿಸಿದರೆ ನಿಮ್ಮ ಬಳಗದವರಿಗೂ ಕಳುಹಿಸಿ.